ಜಾವಾ ಹೊಸದಾಯಿತು, ಸರ್ವರ್ ಮುನಿಸಿಕೊಂಡಿತು

ಹುಬ್ಬಳ್ಳಿಯಲ್ಲಿ ಕೂತು ಸುತ್ತಲಿನ ಊರುಗಳ ಸರ್ವರ್ ನೋಡಿಕೊಳ್ಳುವವರಿಗೆ ಒಂದು ಬಗೆಯ ಫೋನು ಚೆನ್ನಾಗಿ ಗೊತ್ತು. ಮಾಡಿದವರು ಅಮರಗೋಳದ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯವರಿರಬಹುದು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಇರಬಹುದು, ಗದಗದ ಪತ್ತಿನ ಸಂಘದವರಿರಬಹುದು. ಮಾತು ಮಾತ್ರ ಒಂದೇ. "ಸರ್, ನಿನ್ನೆತನಕ ಛಲೋ ಇತ್ರಿ. ಇವತ್ತು ಇ-ಇನ್ವಾಯ್ಸ್ ಹೋಗವಲ್ದು ನೋಡ್ರಿ." ರಾತ್ರಿ ನಡೆದಿದ್ದು ಒಂದೇ ಕೆಲಸ, ಅವರ ಸಾಫ್ಟ್‌ವೇರ್ ಓಡಲು ಆಧಾರವಾದ ಜಾವಾದ ಅಪ್‌ಗ್ರೇಡ್.

ಸರ್ವರ್ ಬರೆದಿಡುವ ಲಾಗ್ ತೆಗೆದರೆ ಎಸ್‌ಎಸ್‌ಎಲ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ವ್ಯವಸ್ಥೆ), ಹ್ಯಾಂಡ್‌ಶೇಕ್ (ಸಂಪರ್ಕಕ್ಕೆ ಮೊದಲಿನ ಮಾತುಕತೆ), ಸರ್ಟಿಫಿಕೇಟ್ (ಎದುರಿನವರ ಗುರುತಿನ ಪತ್ರ) ಅಂತ ಉದ್ದುದ್ದ ಸಾಲುಗಳು. ಹೊಸ ಜಾವಾ ಸರಿ ಇಲ್ಲ, ಹಳೇದನ್ನೇ ಹಾಕಿಬಿಡೋಣ ಅನ್ನಿಸುತ್ತದೆ. ಹಾಕಿದರೆ ಕೆಲಸ ನಡೆಯುತ್ತದೆ, ನಿಜ. ಆದರೆ ಹೆಚ್ಚಿನ ಸಲ ಹೊಸ ಜಾವಾ ಏನನ್ನೂ ಕೆಡಿಸಿರುವುದಿಲ್ಲ. ಮೊದಲಿಂದಲೂ ದುರ್ಬಲವಾಗಿದ್ದ ಏನನ್ನೋ ಅದು ಈಗ ಒಪ್ಪುತ್ತಿಲ್ಲ. ಇಲ್ಲವೇ ಯಾರೋ ಹಿಂದೆ ಕೈಯಾರೆ ಮಾಡಿಟ್ಟ ಸೆಟ್ಟಿಂಗ್ ಒಂದು ಹಳೆ ಫೋಲ್ಡರಿನಲ್ಲೇ ಉಳಿದುಬಿಟ್ಟಿದೆ. ಈ ಎರಡರಲ್ಲಿ ಯಾವುದು ಅಂತ ಗೊತ್ತಾದರೆ ದೊಡ್ಡ ಕೆಲಸ ಮುಗಿದಂತೆ.

ಯಾರ್ಡಿನಲ್ಲಿ ತೂಕದ ಕಲ್ಲಿಗೆ ಇಲಾಖೆಯ ಮುದ್ರೆ ಬೇಕಲ್ವಾ? ಮುದ್ರೆಯ ಅವಧಿ ಮುಗಿದರೂ ಕಲ್ಲು ಮೊದಲಿನ ಹಾಗೇ ತೂಗುತ್ತದೆ. ಆದರೆ ಇನ್‌ಸ್ಪೆಕ್ಟರ್ ಅದನ್ನು ಒಪ್ಪುವುದಿಲ್ಲ. ಜಾವಾ ಕೂಡ ಇಂಥದೊಂದು ತಿರಸ್ಕಾರದ ಪಟ್ಟಿ ಇಟ್ಟುಕೊಂಡಿದೆ. ಅದಿರುವುದು ಜಾವಾ ಡಾಟ್ ಸೆಕ್ಯೂರಿಟಿ ಅನ್ನುವ ಫೈಲಿನಲ್ಲಿ. ಜಾವಾ 8ರಲ್ಲಿ ಈ ಫೈಲು ಲಿಬ್ ಒಳಗಿನ ಸೆಕ್ಯೂರಿಟಿ ಫೋಲ್ಡರಿನಲ್ಲಿತ್ತು. 9ರಿಂದ ಕಾನ್ಫ್ ಒಳಗಿನ ಸೆಕ್ಯೂರಿಟಿ ಫೋಲ್ಡರಿಗೆ ಬಂತು. ತೆರೆದು ನೋಡಿದರೆ 'ಡಿಸೇಬಲ್ಡ್ ಅಲ್ಗಾರಿದಮ್ಸ್' ಅಂತ ಕೊನೆಯಾಗುವ ಕೆಲವು ಸಾಲುಗಳು ಸಿಗುತ್ತವೆ. ಟಿಎಲ್‌ಎಸ್ (ಎಸ್‌ಎಸ್‌ಎಲ್‌ನ ಇಂದಿನ ರೂಪ) ಸಂಪರ್ಕಕ್ಕೆ ಒಂದು, ಸರ್ಟಿಫಿಕೇಟ್ ಸರಪಳಿಗೆ ಒಂದು, ಸಹಿ ಹಾಕಿದ ಜಾರ್ ಫೈಲುಗಳಿಗೆ (ಜಾವಾ ಕೋಡ್ ಕಟ್ಟಿಟ್ಟ ಫೈಲುಗಳು) ಇನ್ನೊಂದು. ಎಂಡಿ5, ಆರ್‌ಸಿ4, 1024 ಬಿಟ್‌ಗಿಂತ ಚಿಕ್ಕ ಆರ್‌ಎಸ್‌ಎ ಕೀ, ಇಂಥ ದುರ್ಬಲ ಗೂಢಲಿಪಿ ಸಾಧನಗಳೆಲ್ಲ ಅಲ್ಲಿ ಸೇರಿವೆ. ವರ್ಷ ಹೋದಂತೆ ಪಟ್ಟಿ ಬೆಳೆಯುತ್ತದೆ.

ದೊಡ್ಡ ಅಪ್‌ಗ್ರೇಡ್ ಆದಾಗ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. ಟಿಎಲ್‌ಎಸ್ 1.0 ಬಂದಿದ್ದು 1999ರಲ್ಲಿ, 1.1 ಬಂದಿದ್ದು 2006ರಲ್ಲಿ. ಇಂಟರ್‌ನೆಟ್ ಮಾನದಂಡ ರೂಪಿಸುವ ಐಇಟಿಎಫ್ 2021ರ ಮಾರ್ಚ್‌ನಲ್ಲಿ ಇವೆರಡನ್ನೂ ಬಳಸಬೇಡಿ ಅಂದಿತು. ಮರು ತಿಂಗಳೇ ಬಂದ ಜಾವಾ 8 ಅಪ್‌ಡೇಟ್ 291 ಮತ್ತು 11.0.11ರಲ್ಲಿ ಅವು ತಾವಾಗಿಯೇ ಬಂದ್ ಆದವು. ಅಂದರೆ 8 ಇದ್ದದ್ದು 8 ಆಗಿಯೇ ಇತ್ತು. ಲಿನಕ್ಸ್ ಸರ್ವರ್ ರಾತ್ರಿ ತಾನೇ ಅಪ್‌ಡೇಟ್ ತೆಗೆದುಕೊಂಡಿತು, ಬೆಳಿಗ್ಗೆ ಡೇಟಾಬೇಸ್ ಸಂಪರ್ಕ ಇರಲಿಲ್ಲ. "ನಾವೇನೂ ಮುಟ್ಟಿಲ್ರಿ" ಅಂತ ಗ್ರಾಹಕರು ಹೇಳುವುದು ಸುಳ್ಳಲ್ಲ.

ಎರರ್ ಓದುವ ಮೊದಲು ಇನ್ನೊಂದು ಕೆಲಸ ಇದೆ. ನಿಜವಾಗಿ ಓಡುತ್ತಿರುವ ಜಾವಾ ಯಾವುದು ಅಂತ ನೋಡಿ. ಒಂದೇ ಮಷೀನಿನಲ್ಲಿ ಎರಡು ಮೂರು ಜಾವಾ ಇರುವುದು ಮಾಮೂಲು. ಟರ್ಮಿನಲ್‌ನಲ್ಲಿ ವರ್ಷನ್ ಕೇಳಿದರೆ ಒಂದು ಉತ್ತರ, ಜಾವಾ ಸಾಫ್ಟ್‌ವೇರನ್ನು ಸರ್ವರಿನಲ್ಲಿ ಓಡಿಸುವ ಟಾಮ್‌ಕ್ಯಾಟ್ ಬಳಸುತ್ತಿರುವುದು ಇನ್ನೊಂದು. ಟಾಮ್‌ಕ್ಯಾಟ್ ಏಳುವಾಗ ತನ್ನ ಲಾಗ್‌ನಲ್ಲಿ ಜಾವಾ ಹೋಮ್ (ಜಾವಾ ಇರುವ ಫೋಲ್ಡರ್) ಮತ್ತು ಜೆವಿಎಂ (ಓಡುತ್ತಿರುವ ಜಾವಾ) ವರ್ಷನ್ ಬರೆಯುತ್ತದೆ. ನಂಬಬೇಕಾದ್ದು ಆ ಸಾಲನ್ನು. ವಿಂಡೋಸ್‌ನಲ್ಲಿ ಸರ್ವಿಸ್ ಆಗಿ ಓಡುತ್ತಿದ್ದರೆ ಟಾಮ್‌ಕ್ಯಾಟ್‌ನ ಸೆಟ್ಟಿಂಗ್ ಕಿಟಕಿಯ ಜಾವಾ ಟ್ಯಾಬ್‌ನಲ್ಲಿ ಅದರ ದಾರಿ ಇರುತ್ತದೆ. ಇದನ್ನು ಬಿಟ್ಟು ಮುಂದೆ ಹೋದವರು ಹಳೆ ಜಾವಾದ ಕೀಟೂಲ್ ಅನ್ನುವ ಸರ್ಟಿಫಿಕೇಟ್ ಸಾಧನದಿಂದ ಹಳೆ ಜಾವಾದ ಫೈಲಿಗೇ ಸರ್ಟಿಫಿಕೇಟ್ ತುಂಬುತ್ತಾ ಅರ್ಧ ದಿನ ಕಳೆಯುತ್ತಾರೆ. ಎರರ್ ಅಲುಗಾಡುವುದಿಲ್ಲ.

ಆಮೇಲೆ ಲಾಗ್. ಜಾವಾದ ಎರರ್ ಮೇಲಿಂದ ಓದಿದರೆ ಏನೂ ತಿಳಿಯುವುದಿಲ್ಲ. 'ಕಾಸ್ಡ್ ಬೈ' ಅಂತ ಶುರುವಾಗುವ ಸಾಲುಗಳಲ್ಲಿ ಕೊನೆಯದನ್ನು ಹುಡುಕಿ. ಜೊತೆಗೆ ಯಾರು ಯಾರನ್ನು ಬೇಡ ಅಂದರು ಅಂತ ಕೇಳಿಕೊಳ್ಳಿ. ನಮ್ಮ ಸರ್ವರ್ ಹೊರಗಿನ ಯಾವುದೋ ಸೇವೆಯನ್ನು ನಂಬಲಿಲ್ಲವೋ, ಹೊರಗಿನವರು ನಮ್ಮನ್ನು ಒಳಗೆ ಬಿಡಲಿಲ್ಲವೋ, ಅಥವಾ ಜಾವಾ ನಮ್ಮದೇ ಕೋಡ್‌ಗೆ ತಡೆ ಹಾಕಿತೋ? ಮೂರಕ್ಕೂ ಮದ್ದು ಬೇರೆ ಬೇರೆ.

ಬಹಳ ಸಲ ಕಣ್ಣಿಗೆ ಬೀಳುವುದು ಪಿಕೆಐಎಕ್ಸ್ ಎರರ್. "ಅನೇಬಲ್ ಟು ಫೈಂಡ್ ವ್ಯಾಲಿಡ್ ಸರ್ಟಿಫಿಕೇಶನ್ ಪಾತ್" ಅನ್ನುತ್ತದೆ. ಎದುರಿನವರು ತೋರಿಸಿದ ಸರ್ಟಿಫಿಕೇಟ್‌ಗೆ ಸಹಿ ಹಾಕಿದವರು ಯಾರು, ಅವರಿಗೆ ಸಹಿ ಹಾಕಿದವರು ಯಾರು ಅಂತ ಜಾವಾ ಹಿಂದೆ ಹಿಂದೆ ಹೋಗುತ್ತದೆ. ತನಗೆ ಗೊತ್ತಿರುವ ಮೂಲ ಸಂಸ್ಥೆ ಸಿಕ್ಕರೆ ಒಪ್ಪುತ್ತದೆ, ಇಲ್ಲವಾದರೆ ಬಾಗಿಲು ಹಾಕುತ್ತದೆ. ಗೊತ್ತಿರುವ ಮೂಲ ಸಂಸ್ಥೆಗಳ ಪಟ್ಟಿ ಸಿಎಸರ್ಟ್ಸ್ ಅನ್ನುವ ಫೈಲಿನಲ್ಲಿದೆ. ಪ್ರತಿ ಜಾವಾಕ್ಕೂ ತನ್ನದೇ ಸಿಎಸರ್ಟ್ಸ್ ಇರುತ್ತದೆ. ತೊಂದರೆ ಹುಟ್ಟುವುದೇ ಇಲ್ಲಿ. ಹಿಂದಿನ ಇಂಜಿನಿಯರ್ ಹಳೆ ಜಾವಾದ ಫೈಲಿಗೆ ಸೇರಿಸಿದ್ದ ಸರ್ಟಿಫಿಕೇಟು ಹೊಸ ಜಾವಾದಲ್ಲಿ ಇರುವುದಿಲ್ಲ. ಅದನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ. ಆ ಇಂಜಿನಿಯರ್ ಈಗ ಬೆಂಗಳೂರಿನಲ್ಲಿರುತ್ತಾರೆ.

ಮೇಲೆ ಹೇಳಿದ ಇ-ಇನ್ವಾಯ್ಸ್ ದೂರನ್ನೇ ತೆಗೆದುಕೊಳ್ಳಿ. ಸರ್ಕಾರಿ ಪೋರ್ಟಲ್‌ಗಳ ಸರ್ಟಿಫಿಕೇಟು ಎಲ್ಲರೂ ನಂಬುವ ಸಂಸ್ಥೆಯಿಂದಲೇ ಬಂದಿದ್ದರೆ ಜಾವಾ ಯಾಕೆ ಬೇಡ ಅನ್ನಬೇಕು? ಇಂಥ ಕಡೆ ನಾನು ಮೊದಲು ಅನುಮಾನಿಸುವುದು ಆಫೀಸಿನ ಫೈರ್‌ವಾಲ್ ಪೆಟ್ಟಿಗೆಯನ್ನು. ಎಷ್ಟೋ ಫೈರ್‌ವಾಲ್‌ಗಳು ಒಳಗಿನ ಎಚ್‌ಟಿಟಿಪಿಎಸ್ ಸಂಚಾರವನ್ನು ಬಿಚ್ಚಿ ನೋಡಿ, ತಮ್ಮದೇ ಸರ್ಟಿಫಿಕೇಟ್ ಹಚ್ಚಿ ಮುಂದೆ ಕಳಿಸುತ್ತವೆ. ಆ ಫೈರ್‌ವಾಲಿನ ಮೂಲ ಸರ್ಟಿಫಿಕೇಟು ವಿಂಡೋಸ್‌ನಲ್ಲಿ ಹಾಕಿರುವುದರಿಂದ ಬ್ರೌಸರ್‌ಗೆ ತೊಂದರೆ ಇಲ್ಲ. ಹಳೆ ಜಾವಾದಲ್ಲೂ ಯಾರೋ ಹಾಕಿದ್ದರು. ಹೊಸದಕ್ಕೆ ಅದು ಅಪರಿಚಿತ. ಕೀಟೂಲ್‌ನ ಪ್ರಿಂಟ್‌ಸರ್ಟ್ ಆಜ್ಞೆಗೆ ಪೋರ್ಟಲಿನ ಹೆಸರು ಕೊಟ್ಟು ಸರ್ವರಿನಿಂದಲೇ ಕೇಳಿ ನೋಡಿ. ಸಹಿ ಹಾಕಿದವರ ಜಾಗದಲ್ಲಿ ಫೈರ್‌ವಾಲ್ ಕಂಪನಿಯ ಹೆಸರು ಕಂಡರೆ ಕಳ್ಳ ಸಿಕ್ಕಿದ.

ಇನ್ನೊಂದು ಮಾತು ಪದೇ ಪದೇ ಕೇಳುತ್ತೇವೆ. "ಕ್ರೋಮ್‌ನಾಗ ಓಪನ್ ಆಗ್ತದ, ನಿಮ್ಮ ಸಾಫ್ಟ್‌ವೇರ್‌ನಾಗ ಯಾಕ ಆಗಂಗಿಲ್ಲ?" ಇದಕ್ಕೂ ಕಾರಣ ಇದೆ. ಎದುರಿನ ಸರ್ವರ್ ತನ್ನ ಸರ್ಟಿಫಿಕೇಟ್ ಮಾತ್ರ ಕಳಿಸಿ, ಅದಕ್ಕೂ ಮೂಲ ಸಂಸ್ಥೆಗೂ ನಡುವಿನದನ್ನು ಕಳಿಸದೇ ಬಿಟ್ಟಿರಬಹುದು. ಬ್ರೌಸರ್ ಅದನ್ನು ತಾನೇ ಹುಡುಕಿ ತಂದುಕೊಳ್ಳುತ್ತದೆ. ಜಾವಾ ನಾವು ಹೇಳದ ಹೊರತು ಹಾಗೆ ಮಾಡುವುದಿಲ್ಲ. ಆಗ ಸರಿ ಮಾಡಬೇಕಾದವರು ಎದುರಿನವರು. ಅವರು ಪೂರ್ತಿ ಸರಪಳಿ ಹಾಕಬೇಕು. ಅಲ್ಲಿಯತನಕ ನಡುವಿನ ಸರ್ಟಿಫಿಕೇಟನ್ನು ನಮ್ಮ ಕಡೆ ಸೇರಿಸಿಕೊಂಡು ದಿನ ದೂಡಬಹುದು.

ಸರ್ಟಿಫಿಕೇಟ್ ಸೇರಿಸುವುದಕ್ಕೂ ಒಂದು ರೀತಿ ಇದೆ. ಸಿಎಸರ್ಟ್ಸ್ ಫೈಲನ್ನೇ ತಿದ್ದಿದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಮತ್ತದೇ ಕಥೆ. ನಮ್ಮದೇ ಟ್ರಸ್ಟ್‌ಸ್ಟೋರ್ (ನಂಬುವವರ ಪಟ್ಟಿ) ಫೈಲನ್ನು ಜಾವಾ ಫೋಲ್ಡರಿನ ಹೊರಗೆ ಇಟ್ಟು, ಟಾಮ್‌ಕ್ಯಾಟ್‌ಗೆ ಅದರ ದಾರಿ ಹೇಳಬಹುದು. ಆದರೆ ಎಚ್ಚರ. ಹೀಗೆ ಹೇಳಿದ ಕೂಡಲೇ ಜಾವಾ ತನ್ನ ಸಿಎಸರ್ಟ್ಸ್ ನೋಡುವುದನ್ನೇ ಬಿಡುತ್ತದೆ. ನಿಮ್ಮ ಫೈಲಿನಲ್ಲಿ ಫೈರ್‌ವಾಲಿನದು ಒಂದೇ ಇದ್ದರೆ ಬೇರೆ ಎಲ್ಲ ಜಗತ್ತೂ ಅಪರಿಚಿತವಾಗುತ್ತದೆ. ಆದ್ದರಿಂದ ಹೊಸ ಸಿಎಸರ್ಟ್ಸ್‌ನ ನಕಲು ಮಾಡಿ, ಅದಕ್ಕೆ ನಿಮ್ಮದನ್ನು ಸೇರಿಸಿ. ಉಬುಂಟು ಅಥವಾ ರೆಡ್ ಹ್ಯಾಟ್ ತಮ್ಮದೇ ಜಾವಾ ಪ್ಯಾಕೇಜ್ ಕೊಟ್ಟಿದ್ದರೆ ಇನ್ನೂ ಸುಲಭ. ಅಲ್ಲಿ ಆಪರೇಟಿಂಗ್ ಸಿಸ್ಟಮ್‌ಗೇ ಸರ್ಟಿಫಿಕೇಟ್ ಸೇರಿಸಿದರೆ ಜಾವಾದ ಪಟ್ಟಿಗೂ ಹೋಗುತ್ತದೆ. ಬೇರೆ ಕಡೆಯಿಂದ ಇಳಿಸಿಕೊಂಡ ಜಾವಾಕ್ಕೆ ಈ ಸವಲತ್ತು ಇಲ್ಲ. ಸೇರಿಸುವ ಮೊದಲು ಸರ್ಟಿಫಿಕೇಟಿನ ಫಿಂಗರ್‌ಪ್ರಿಂಟನ್ನು (ಅದರ ಗುರುತಿನ ಅಂಕೆ-ಅಕ್ಷರಗಳ ಸಾಲು) ಎದುರಿನವರಿಗೆ ಫೋನ್ ಮಾಡಿ ತಾಳೆ ನೋಡಿ. ಯಾರೋ ಕೊಟ್ಟದ್ದನ್ನು ಕಣ್ಣುಮುಚ್ಚಿ ಸೇರಿಸಿದರೆ ಪರೀಕ್ಷೆ ಇದ್ದೂ ಇಲ್ಲದಂತೆ.

ಅಂದ ಹಾಗೆ, ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಅಂತ ಎರರ್ ಬಂದರೆ ಮೊದಲು ಗಡಿಯಾರ ನೋಡಿ. ಅಪ್‌ಗ್ರೇಡ್ ಅಂತ ಹಳೆ ಮಷೀನ್ ರೀಸ್ಟಾರ್ಟ್ ಮಾಡಿರುತ್ತೀರಿ. ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಅದು ಯಾವುದೋ ಹಳೆ ವರ್ಷಕ್ಕೆ ಹೋಗಿ ಕೂತಿರುತ್ತದೆ.

ಎರಡನೇ ದೊಡ್ಡ ಗುಂಪು "ನೋ ಅಪ್ರೋಪ್ರಿಯೇಟ್ ಪ್ರೋಟೋಕಾಲ್" ಮತ್ತು "ಹ್ಯಾಂಡ್‌ಶೇಕ್ ಫೇಲ್ಯೂರ್" ಎರರ್‌ಗಳದು. ಇಲ್ಲಿ ಹೆಚ್ಚಿನ ಸಲ ಸರ್ಟಿಫಿಕೇಟ್ ನೋಡುವ ತನಕವೂ ಮಾತುಕತೆ ಹೋಗಿರುವುದಿಲ್ಲ. ಎರಡೂ ಕಡೆಗೆ ಬರುವ ಟಿಎಲ್‌ಎಸ್ ಆವೃತ್ತಿಯೇ ಇಲ್ಲ, ಅಥವಾ ಇಬ್ಬರೂ ಒಪ್ಪುವ ಗೂಢಲಿಪಿ ವಿಧಾನ ಇಲ್ಲ. ನಮ್ಮ ಕಡೆಯ ಸಣ್ಣ ಸಂಸ್ಥೆಗಳಲ್ಲಿ ಇದಕ್ಕೆ ಹಳೆ ಡೇಟಾಬೇಸೇ ಕಾರಣ ಆಗುವುದು ಜಾಸ್ತಿ. ಮೈಎಸ್‌ಕ್ಯೂಎಲ್ 5.7ರ ಉಚಿತ ಆವೃತ್ತಿಗಳಲ್ಲಿ 5.7.28ಕ್ಕಿಂತ ಹಿಂದಿನವಕ್ಕೆ ಟಿಎಲ್‌ಎಸ್ 1.1ರ ತನಕ ಮಾತ್ರ ಬರುತ್ತಿತ್ತು. ಎಸ್‌ಕ್ಯೂಎಲ್ ಸರ್ವರ್ 2012 ಮತ್ತು 2014ಕ್ಕೆ 1.2 ಬರಬೇಕಾದರೆ ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಹಾಕಿರಬೇಕು. ಡೇಟಾಬೇಸನ್ನು ಮೇಲಕ್ಕೆ ತನ್ನಿ, ಜೊತೆಗೆ ಜಾವಾವನ್ನು ಡೇಟಾಬೇಸಿಗೆ ಜೋಡಿಸುವ ಜೆಡಿಬಿಸಿ ಡ್ರೈವರನ್ನೂ ಬದಲಿಸಿ. ಡ್ರೈವರ್ ಹಳೇದೇ ಉಳಿದರೆ ಡೇಟಾಬೇಸ್ ಹೊಸದಾದರೂ ಅದು ಹಳೆ ಆವೃತ್ತಿಯನ್ನೇ ಕೇಳುತ್ತಾ ಕೂರಬಹುದು.

ಡ್ರೈವರ್ ಮಾತ್ರ ಹೊಸದಾದರೂ ಒಂದು ತಮಾಷೆ ಇದೆ. ಮೈಕ್ರೋಸಾಫ್ಟ್‌ನ ಜೆಡಿಬಿಸಿ ಡ್ರೈವರ್ 10.2ರಿಂದ, ನಾವು ಏನೂ ಹೇಳದಿದ್ದರೂ ಸಂಪರ್ಕವನ್ನು ಗೂಢಲಿಪಿಯಲ್ಲೇ ಕೇಳುತ್ತದೆ. ಎಸ್‌ಕ್ಯೂಎಲ್ ಸರ್ವರ್ ತಾನೇ ಮಾಡಿಕೊಂಡ ಸರ್ಟಿಫಿಕೇಟ್ ತೋರಿಸುತ್ತದೆ. ಆಗ ಮತ್ತೆ ಪಿಕೆಐಎಕ್ಸ್ ಎರರ್. ಜಾವಾ ಮೇಲೆ ಕೋಪ ಬರುತ್ತದೆ, ಬದಲಾಗಿದ್ದು ಡ್ರೈವರ್.

ಇಂಥಲ್ಲಿ ನೆಟ್‌ನಲ್ಲಿ ಸಿಗುವ ಸಲಹೆ, ಸಂಪರ್ಕದ ಸಾಲಿನಲ್ಲಿ ಎಸ್‌ಎಸ್‌ಎಲ್ ಆಫ್ ಮಾಡಿ ಅಂತ. ಡೇಟಾಬೇಸ್ ಅದೇ ಮಷೀನಿನಲ್ಲಿ ಇದ್ದು, ಹೊರಗಿನಿಂದ ಯಾರೂ ಮುಟ್ಟದ ಹಾಗಿದ್ದರೆ ನಾನು ತಕರಾರು ಮಾಡುವುದಿಲ್ಲ. ಆದರೆ ಡೇಟಾಬೇಸ್ ಹುಬ್ಬಳ್ಳಿಯಲ್ಲಿದ್ದು ಸಾಫ್ಟ್‌ವೇರ್ ಹಾವೇರಿಯ ಶಾಖೆಯಲ್ಲಿ ಓಡುತ್ತಿದ್ದರೆ ಸುಮ್ನೆ ಆಫ್ ಮಾಡಬೇಡಿ. ಸದಸ್ಯರ ಖಾತೆ ವಿವರ ಇಡೀ ದಾರಿ ಬಯಲಿನಲ್ಲಿ ಹೋಗುತ್ತದೆ.

ಹೊರಗಿನಿಂದ ನಮ್ಮ ಕಡೆ ಬರುವವರದ್ದು ಬೇರೆ ಗೋಳು. ತೂಕದ ಸೇತುವೆಯ (ಲಾರಿ ತೂಗುವ ವೇಬ್ರಿಜ್) ಕೋಣೆಯಲ್ಲಿ ವಿಂಡೋಸ್ 7 ಮಷೀನ್ ಇರುತ್ತದೆ. ಅದಕ್ಕೆ ಟಿಎಲ್‌ಎಸ್ 1.2 ಬರುತ್ತದೆ, ಆದರೆ ಅದರ ಎಷ್ಟೋ ಪ್ರೋಗ್ರಾಮ್‌ಗಳಿಗೆ ಅದನ್ನು ಅಪ್‌ಡೇಟ್ ಹಾಕಿ, ರಿಜಿಸ್ಟ್ರಿಯಲ್ಲಿ ಆನ್ ಮಾಡಬೇಕು. ಆಂಡ್ರಾಯ್ಡ್ 4.4ರ ಕೈಯಂತ್ರಗಳದ್ದೂ ಇದೇ ಕಥೆ. ಅವನ್ನೆಲ್ಲ ಒಂದೇ ದಿನದಲ್ಲಿ ಬದಲಿಸಲು ಆಗುವುದಿಲ್ಲ, ದುಡ್ಡಿನ ಪ್ರಶ್ನೆಯೂ ಇದೆ. ಹಾಗಂತ ಮುಖ್ಯ ಸರ್ವರಿನ ಪಟ್ಟಿ ಸಡಿಲಿಸುವ ಬದಲು, ಆಫೀಸಿನ ಒಳಗಿನ ನೆಟ್‌ವರ್ಕಿಗೆ ಮಾತ್ರ ಕಾಣುವ ಒಂದು ಚಿಕ್ಕ ಪ್ರಾಕ್ಸಿ ಇಡಿ. ಹಳೆಯವರು ಅದರ ಜೊತೆ ಹಳೆ ರೀತಿಯಲ್ಲಿ ಮಾತಾಡಲಿ, ಅದು ಸರ್ವರಿನ ಜೊತೆ ಹೊಸ ರೀತಿಯಲ್ಲಿ ಮಾತಾಡುತ್ತದೆ.

"ಸರ್ಟಿಫಿಕೇಟ್ಸ್ ಡು ನಾಟ್ ಕನ್ಫಾರ್ಮ್ ಟು ಅಲ್ಗಾರಿದಮ್ ಕನ್‌ಸ್ಟ್ರೇಂಟ್ಸ್" ಅಂತ ಬಂದರೆ ಹೆಚ್ಚು ಯೋಚನೆ ಬೇಡ. ಸರಪಳಿಯ ಯಾವುದೋ ಸರ್ಟಿಫಿಕೇಟಿನ ಸಹಿ ಅಥವಾ ಕೀ ಹಳೆ ಕಾಲದ್ದು. ಹೊಸದು ಮಾಡಿಸಿ. ಸರ್ಟಿಫಿಕೇಟಿನ ಹೆಸರು ಹೊಂದುತ್ತಿಲ್ಲ ಅಂತ ಬಂದರೆ, ಸಂಪರ್ಕಕ್ಕೆ ಐಪಿ ನಂಬರ್ ಬರೆದಿದ್ದೀರಾ ನೋಡಿ. ಎಲ್‌ಡ್ಯಾಪ್ (ಬಳಕೆದಾರರ ವಿವರ ಒಂದೇ ಕಡೆ ಇಡುವ ಡೈರೆಕ್ಟರಿ ವ್ಯವಸ್ಥೆ) ಮೂಲಕ ಲಾಗಿನ್ ಮಾಡಿಸುವ ಸಾಫ್ಟ್‌ವೇರ್‌ಗಳು 2018ರ ಜುಲೈನ ಜಾವಾ 8 ಅಪ್‌ಡೇಟ್ 181ರಿಂದ ಹೀಗೇ ಎಡವಿದವು. ಅಲ್ಲಿಯತನಕ ಎಲ್‌ಡ್ಯಾಪ್‌ನಲ್ಲಿ ಹೆಸರಿನ ತಾಳೆಯನ್ನೇ ನೋಡುತ್ತಿರಲಿಲ್ಲ.

ನಮ್ಮ ಕೀ, ಸರ್ಟಿಫಿಕೇಟು ಇಡುವ ಕೀಸ್ಟೋರ್ ಫೈಲಿನ ವಿಷಯದಲ್ಲಿ ತಲೆನೋವು ಹಳೆ ಜಾವಾಕ್ಕೆ ವಾಪಸ್ ಹೋಗುವಾಗ ಜಾಸ್ತಿ. ಜಾವಾ 9ರಿಂದ ಕೀಸ್ಟೋರಿನ ಮಾಮೂಲು ರೂಪ ಪಿಕೆಸಿಎಸ್12. ಅದಕ್ಕೂ ಹಿಂದಿನ ಜೆಕೆಎಸ್ ರೂಪದ ಫೈಲನ್ನು ಹೊಸ ಜಾವಾ ಓದುತ್ತದೆ. ಆದರೆ ಜಾವಾ 17ರಲ್ಲಿ ಮಾಡಿದ ಪಿಕೆಸಿಎಸ್12 ಫೈಲನ್ನು ಜಾವಾ 8ರ ಹಳೆ ಅಪ್‌ಡೇಟ್‌ಗಳು ಓದಲಾರವು. 301ರ ನಂತರದವು ಓದುತ್ತವೆ. ಹಾಗಾಗಿ ಅಪ್‌ಗ್ರೇಡ್ ಮಾಡುವ ಮೊದಲು ಹಳೆ ಕೀಸ್ಟೋರಿನ ನಕಲು ಇಟ್ಟುಕೊಳ್ಳಿ. ಇಲ್ಲದಿದ್ದರೆ ವಾಪಸ್ ಹೋಗುವ ದಾರಿಯೂ ಮುಚ್ಚಿಹೋಗಬಹುದು.

ಜಾವಾ ನಮ್ಮದೇ ಕೋಡ್‌ಗೆ ತಡೆ ಹಾಕುವುದು ಮೂರನೇ ಬಗೆ ಅಂದೆನಲ್ಲ. 8ರಿಂದ ನೇರವಾಗಿ 17ಕ್ಕೆ ಜಿಗಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಜಾವಾದ ಒಳಮನೆಗೆ ಕೈ ಹಾಕುವ ಹಳೆ ಲೈಬ್ರರಿಗಳಿಗೆ (ಸಿದ್ಧ ಕೋಡಿನ ಕಟ್ಟುಗಳು) 9ರಿಂದ 15ರ ತನಕ ಬರೀ ಎಚ್ಚರಿಕೆ ಬರುತ್ತಿತ್ತು, 16ರಲ್ಲಿ ತಡೆ ಶುರುವಾಯಿತು. 17ರಲ್ಲಿ ಬಾಗಿಲು ಪೂರ್ತಿ ಮುಚ್ಚಿತು. 'ಇನ್‌ಆ್ಯಕ್ಸೆಸಿಬಲ್ ಆಬ್ಜೆಕ್ಟ್' ಅಂತ ಎರರ್ ಕಂಡರೆ ಇದೇ. ಲೈಬ್ರರಿಯ ಹೊಸ ಆವೃತ್ತಿ ಹಾಕುವುದು ಸರಿಯಾದ ದಾರಿ. ಸಿಗದಿದ್ದರೆ ಆ್ಯಡ್-ಓಪನ್ಸ್ ಆಯ್ಕೆಯಿಂದ ಎರರ್ ಹೆಸರಿಸಿದ ಆ ಒಂದು ಪ್ಯಾಕೇಜನ್ನು ಮಾತ್ರ ತೆರೆಯಬಹುದು. ಕೋಡ್ ಏನೇನು ಮುಟ್ಟಬಹುದು ಅಂತ ಕಾಯುವ ಜಾವಾದ ಸೆಕ್ಯೂರಿಟಿ ಮ್ಯಾನೇಜರ್ ನಂಬಿ ನಿಯಮದ ಫೈಲು ಬರೆದುಕೊಂಡವರಿಗೆ ಇನ್ನೂ ಕಷ್ಟ. ಜಾವಾ 17 ಅದನ್ನು ತೆಗೆದುಹಾಕುವ ಸೂಚನೆ ಕೊಟ್ಟಿತು, 24ರಲ್ಲಿ ಕಾಯಂ ಆಗಿ ಬಂದ್ ಮಾಡಿತು. ಟಾಮ್‌ಕ್ಯಾಟ್ 11 ಕೂಡ ಅದನ್ನು ಕೈಬಿಟ್ಟಿದೆ. ಅದಕ್ಕೆ ತೇಪೆ ಇಲ್ಲ. ಆ ಕಾವಲನ್ನು ಆಪರೇಟಿಂಗ್ ಸಿಸ್ಟಮ್ ಅಥವಾ ಕಂಟೇನರ್ ಮಟ್ಟಕ್ಕೆ ಒಯ್ಯಬೇಕು.

ಲಿನಕ್ಸ್‌ನಲ್ಲಿ ಇನ್ನೊಂದು ಸಣ್ಣ ಗೂಢ ಇದೆ. ಎಚ್‌ಟಿಟಿಪಿಎಸ್‌ನ 443ನೇ ಪೋರ್ಟ್ ತೆರೆಯಲು "ಪರ್ಮಿಷನ್ ಡಿನೈಡ್" ಅಂದರೆ ಗಾಬರಿಯಾಗಿ ಟಾಮ್‌ಕ್ಯಾಟನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಬೇಡಿ. 1024ಕ್ಕಿಂತ ಕೆಳಗಿನ ಪೋರ್ಟ್‌ಗೆ ಸೆಟ್‌ಕ್ಯಾಪ್ ಆಜ್ಞೆಯಿಂದ ಅನುಮತಿ ಕೊಟ್ಟಿದ್ದು ಹಳೆ ಜಾವಾ ಫೈಲಿಗೆ. ಫೈಲು ಬದಲಾಯಿತು, ಅನುಮತಿ ಹೋಯಿತು.

ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಇರುವ ಯುಎಸ್‌ಬಿ ಟೋಕನ್ ಚುಚ್ಚಿ ಸಹಿ ಹಾಕಿಸುವ ಸಾಫ್ಟ್‌ವೇರ್ ಇರುವ ಕಡೆ, ಲೆಕ್ಕಪರಿಶೋಧಕರ ಆಫೀಸು ಅಂದುಕೊಳ್ಳಿ, ಅಪ್‌ಗ್ರೇಡ್ ಆದ ಮೇಲೆ ಟೋಕನ್ನೇ ಕಾಣೆಯಾಗುವುದುಂಟು. ಟೋಕನ್ ಜೊತೆ ಮಾತಾಡುವ ಸನ್‌ಪಿಕೆಸಿಎಸ್11 ಭಾಗವನ್ನು ಕೋಡ್‌ನಲ್ಲಿ ಎಬ್ಬಿಸುವ ರೀತಿ ಜಾವಾ 9ರಲ್ಲಿ ಬದಲಾಯಿತು. ಹಳೆ ಕೋಡ್ ಅಲ್ಲೇ ಮುಗ್ಗರಿಸುತ್ತದೆ. ಕೋಡ್ ಸರಿ ಇದ್ದರೂ, ಟೋಕನ್ ಜೊತೆ ಬಂದ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲು) 32 ಬಿಟ್‌ನದಾಗಿದ್ದರೆ 64 ಬಿಟ್ ಜಾವಾ ಅದನ್ನು ಎತ್ತಿಕೊಳ್ಳುವುದಿಲ್ಲ.

ಇಷ್ಟೆಲ್ಲ ಯಾಕೆ, ಎಲ್ಲ ಸರ್ಟಿಫಿಕೇಟನ್ನೂ ಒಪ್ಪಿಬಿಡುವ ಹತ್ತು ಸಾಲಿನ ಕೋಡ್ ನೆಟ್‌ನಲ್ಲೇ ಸಿಗುತ್ತದಲ್ಲ ಅಂತ ಕೇಳುವವರಿದ್ದಾರೆ. ಸಿಗುತ್ತದೆ. ಎರರೂ ಹೋಗುತ್ತದೆ. ಜೊತೆಗೆ ನಡುವೆ ನಿಂತು ಕದ್ದು ಓದುವವನನ್ನು ತಡೆಯುವ ಒಂದೇ ಗೋಡೆಯೂ ಹೋಗುತ್ತದೆ. ತಿರಸ್ಕಾರದ ಪಟ್ಟಿಯನ್ನು ಪೂರ್ತಿ ಖಾಲಿ ಮಾಡುವುದೂ ಅಷ್ಟೇ ಕೆಟ್ಟದ್ದು, ಯಾಕಂದರೆ ಒಂದು ಹಳೆ ಡೇಟಾಬೇಸ್‌ಗಾಗಿ ಆ ಜಾವಾದ ಮೇಲೆ ಓಡುವ ಎಲ್ಲವೂ ಬರಿಗೈಯಾಗುತ್ತವೆ.

ಸಡಿಲಿಸದೆ ಗತಿಯೇ ಇಲ್ಲ ಅನ್ನುವ ದಿನಗಳೂ ಬರುತ್ತವೆ. ಮಾರ್ಚ್ ಕೊನೆಯ ವಾರ, ಲೆಕ್ಕ ಮುಗಿಸಬೇಕು, ಎದುರಿನವರು ತಿಂಗಳ ತನಕ ಏನೂ ಮಾಡುವುದಿಲ್ಲ ಅನ್ನುತ್ತಾರೆ. ಆಗಲೂ ಜಾವಾದ ಮೂಲ ಫೈಲನ್ನು ಮುಟ್ಟಬೇಡಿ. ಬೇರೆ ಒಂದು ಚಿಕ್ಕ ಫೈಲಿನಲ್ಲಿ ಆ ಪಟ್ಟಿಯ ಸಾಲನ್ನು ನಕಲಿಸಿ, ಅದರಲ್ಲಿ ಬೇಕಾದ ಒಂದೇ ಪದ ತೆಗೆಯಿರಿ. ಟಾಮ್‌ಕ್ಯಾಟ್ ಶುರುವಾಗುವಾಗ 'ಜಾವಾ ಡಾಟ್ ಸೆಕ್ಯೂರಿಟಿ ಡಾಟ್ ಪ್ರಾಪರ್ಟೀಸ್' ಆಯ್ಕೆಯಿಂದ ಆ ಫೈಲು ತೋರಿಸಿ. ಸಮ ಚಿಹ್ನೆ ಒಂದೇ ಹಾಕಿ. ಎರಡು ಹಾಕಿದರೆ ಮೂಲ ಫೈಲಿನ ಎಲ್ಲ ಸೆಟ್ಟಿಂಗ್‌ಗಳ ಬದಲು ನಿಮ್ಮ ಚಿಕ್ಕ ಫೈಲೇ ಕೂರುತ್ತದೆ. ಫೈಲಿನ ಮೊದಲ ಸಾಲಿನಲ್ಲಿ ಯಾರಿಗಾಗಿ, ಯಾವಾಗಿನಿಂದ, ಯಾವಾಗ ತೆಗೆಯಬೇಕು ಅಂತ ಬರೆಯಿರಿ. ರೆಡ್ ಹ್ಯಾಟ್ ಬಳಗದ ಸಿಸ್ಟಮ್‌ಗಳಲ್ಲಿ ಇಷ್ಟು ಮಾಡಿದರೂ ಎರರ್ ಹೋಗದಿದ್ದರೆ ಆಶ್ಚರ್ಯ ಬೇಡ. ಅಲ್ಲಿ ಇಡೀ ಸಿಸ್ಟಮ್‌ಗೆ ಬೇರೆಯದೇ ಕ್ರಿಪ್ಟೋ ನೀತಿ ಇರುತ್ತದೆ, ಅವರ ಜಾವಾ ಅದನ್ನೂ ಪಾಲಿಸುತ್ತದೆ.

ಯಾವುದೂ ಬಗೆಹರಿಯದಿದ್ದರೆ 'ಜಾವಾಎಕ್ಸ್ ಡಾಟ್ ನೆಟ್ ಡಾಟ್ ಡೀಬಗ್' ಆಯ್ಕೆಗೆ ಎಸ್‌ಎಸ್‌ಎಲ್ ಹ್ಯಾಂಡ್‌ಶೇಕ್ ಅಂತ ಕೊಟ್ಟು ಟಾಮ್‌ಕ್ಯಾಟ್ ಎಬ್ಬಿಸಿ. ನಾವು ಯಾವ ಆವೃತ್ತಿ ಕೇಳಿದೆವು, ಅವರು ಏನು ಕೊಟ್ಟರು, ಯಾವ ಟ್ರಸ್ಟ್‌ಸ್ಟೋರ್ ಓದಲಾಯಿತು, ಎಲ್ಲವೂ ಲಾಗ್‌ಗೆ ಬರುತ್ತದೆ. 'ಆಲ್' ಅಂತ ಕೊಡಬೇಡಿ, ಬಿಚ್ಚಿದ ಮಾಹಿತಿಯೂ ಅದರಲ್ಲಿ ಬೀಳುತ್ತದೆ, ಪಾಸ್‌ವರ್ಡ್ ಕೂಡ. ಆ ಲಾಗನ್ನು ಯಾರಿಗೋ ವಾಟ್ಸ್‌ಆ್ಯಪ್ ಮಾಡಿದರೆ ಮುಗಿಯಿತು. ಕಾರಣ ಸಿಕ್ಕ ಕೂಡಲೇ ಈ ಆಯ್ಕೆ ತೆಗೆದು ರೀಸ್ಟಾರ್ಟ್ ಮಾಡಿ. ಮರೆತರೆ ಕೆಲವೇ ದಿನದಲ್ಲಿ ಡಿಸ್ಕ್ ತುಂಬಿ ಸರ್ವರ್ ಮತ್ತೆ ನಿಲ್ಲುತ್ತದೆ, ಈ ಸಲ ಸೆಕ್ಯೂರಿಟಿಗೂ ಅದಕ್ಕೂ ಸಂಬಂಧ ಇರುವುದಿಲ್ಲ.